ಲಕ್ಕುಂಡಿಯ ಕಟ್ಟಿ ಮೇಲಿನ ಅಜ್ಜಾರಿಗೆ

ಅಜ್ಜಾರ, ಹೆಸರು ಕೇಳಿದ್ದಕ್ಕೆ "ಹೆಸರ ತಗೊಂಡು ಏನ್ ಮಾಡ್ತಿ, ದಾರಿ ಬರ್ಕೋ" ಅಂದುಬಿಟ್ಟಿರಿ. ಹಾಗಾಗಿ ಈ ಧನ್ಯವಾದಕ್ಕೆ ವಿಳಾಸವಿಲ್ಲ.

ಲಕ್ಕುಂಡಿಯ ಗುಡಿಗಳ ನಡುವೆ ಮಕ್ಕಳಿಗೊಂದು ಕಥಾನಡಿಗೆ ರೂಪಿಸುವುದು ನಮ್ಮ ಆಸೆಯಾಗಿತ್ತು. ಪುರಾಣದ ಜೊತೆ ಪಂಚತಂತ್ರವೂ ಬೇಕಿತ್ತು, ಅದರಲ್ಲೂ ಹಂಸಗಳು ಕೋಲಿನಲ್ಲಿ ಹೊತ್ತೊಯ್ಯುವಾಗ ಬಾಯಿ ಬಿಟ್ಟು ಬಿದ್ದ ಆಮೆಯ ಕಥೆ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಪಕ್ಕದ ರೋಣ ಸೀಮೆಯವನಲ್ಲವೇ! 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದಿಂದ ಶುರುವಾಗುವ ನಕ್ಷೆ ನೋಡಿ ನೀವು ನಕ್ಕಿರಿ. "ಮೊದ್ಲ ಮುಸುಕಿನ ಬಾವಿಗೆ ಕರ್ಕೊಂಡ್ ಹೋಗ್ರಿ. ಆಮೆ ನೀರಾಗಿಂದ ಹೊಂಡಬೇಕಲ್ಲೇನು?"

ಒಂದೇ ಮಾತಿಗೆ ಇಡೀ ದಾರಿ ಕಥೆಯಾಯಿತು. ಈಗ ಮಾಣಿಕೇಶ್ವರ ಗುಡಿಯ ಪಕ್ಕದ ಆ ಮೆಟ್ಟಿಲು ಬಾವಿಯಿಂದ ಇಬ್ಬರು ಮಕ್ಕಳು ಹಂಸಗಳಾಗಿ ಜೋಳದ ದಂಟು ಹಿಡಿದು ಹೊರಡುತ್ತಾರೆ, ನಡುವೆ ಆಮೆ. ಬಾಯಿ ಬಿಟ್ಟರೆ ಆಟದಿಂದ ಔಟ್. ನಮ್ಮ ಗದಗಿನ ಹುಡುಗರು ಸುಮ್ಮನಿರುವುದೆಂದರೆ ಅದೇ ಒಂದು ಪವಾಡ! ಕಾಶಿವಿಶ್ವೇಶ್ವರದಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿಯಿದೆ. ಮಾತಿಗೆ ಅಲ್ಲಿ ಬಿಡುಗಡೆ, ಪುರಾಣದ ಸರದಿ. ಕೊನೆಗೆ ಬ್ರಹ್ಮಜಿನಾಲಯದ ಚತುರ್ಮುಖ ಬ್ರಹ್ಮನನ್ನು ನೋಡಿ ಬಂದು, ನಾಲ್ವರು ಬೆನ್ನಿಗೆ ಬೆನ್ನು ಕೊಟ್ಟು ನಿಂತು ತಮ್ಮ ಕಣ್ಣಿಗೆ ಬಿದ್ದದ್ದನ್ನು ಒಂದೇ ಕಥೆಯಾಗಿ ಕಟ್ಟುತ್ತಾರೆ.

"ಚಪ್ಪಲಿ ಬಿಡಸ್ತೀರಿ, ಮಧ್ಯಾಹ್ನ ಕಲ್ಲು ಕಾಯ್ದಿರ್ತದ" ಎಂದದ್ದೂ ನೀವೇ. ನಡಿಗೆ ಈಗ ಮುಂಜಾನೆಗೇ ಶುರು. ಮುಂದಿನ ಸಲ ಬರ್ರಿ ಅಜ್ಜಾರ, ಬಾವಿ ಹತ್ತಿರದ ಕಥೆ ನೀವೇ ಹೇಳಬೇಕು.