ಒಂದೇ ದುಡ್ಡು, ನಾಲ್ಕು ಕನಸು

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗಿಗೆ,

ನಿನ್ನ ನಾಟಕದ ಕರಡು ಓದಿದೆ. ನಾಯ್ಗಾಂವ್ ಬಿಡಿಡಿ ಚಾಳಿನ, ಬ್ರಿಟಿಷರ ಕಾಲದ ಆ ಸಾಲುಕೋಣೆ ಕಟ್ಟಡದ, 160 ಚದರಡಿಯ ಖೋಲಿ ಕಣ್ಣಿಗೆ ಕಟ್ಟುವಂತಿದೆ. ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲೇ ಸ್ಟವ್, ಪೋಟ್‌ಮಾಳದ (ಅಟ್ಟದ) ಮೇಲೆ ಊರಿನ ಕುಚ್ಚಲಕ್ಕಿ ಚೀಲ, ರಾತ್ರಿ ಗ್ಯಾಲರಿಯಲ್ಲಿ ಚಾಪೆ ಹಾಸುವ ಅಣ್ಣ. ಇದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತಕರಾರೆಲ್ಲ ಕನಸುಗಳ ಬಗ್ಗೆ.

ಮೊದಲ ದೃಶ್ಯದಲ್ಲೇ ನಾಲ್ವರೂ ಸರದಿಯಂತೆ ತಮ್ಮ ಆಸೆ ಹೇಳಿಕೊಳ್ಳುತ್ತಾರೆ. ಅಪ್ಪನಿಗೆ ಕಾರ್ಕಳದ ಹತ್ತಿರ ಮನೆ, ಅಣ್ಣನಿಗೆ ಡೊಂಬಿವಲಿ ಸ್ಟೇಷನ್ ಎದುರು ಜ್ಯೂಸ್ ಸೆಂಟರ್, ತಂಗಿಗೆ ಸಿ.ಎ., ಅಮ್ಮನಿಗೆ ಎಲ್ಲರೂ ಒಟ್ಟಿಗಿದ್ದರೆ ಸಾಕು. ಕೈ ಬಿಗಿಯಿರುವ ಮನೆಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ಅಲ್ಲಿ ಕನಸು ಹೊರಬೀಳುವುದು ಚಿಲ್ಲರೆ ದುಡ್ಡಿನ ಜಗಳದಲ್ಲಿ.

ಅಮೆರಿಕದ ಕಪ್ಪು ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’ ನಾಟಕವನ್ನು ಹುಡುಕಿ ಓದು. ಅದು 1959ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದಾಗ ಆಕೆಗೆ 28 ವರ್ಷ. ಶಿಕಾಗೋದ ಕಪ್ಪು ಜನರ ಕೇರಿಯ ಇಕ್ಕಟ್ಟಾದ ಮನೆ. ಬೆಳಗಿನ ಹೊತ್ತು ಹುಡುಗ ಶಾಲೆಗೆಂದು 50 ಸೆಂಟ್ ಕೇಳುತ್ತಾನೆ. ತಾಯಿ ರೂತ್ ಇಲ್ಲ ಎನ್ನುತ್ತಾಳೆ. ತಂದೆ ವಾಲ್ಟರ್ ಹೆಂಡತಿಯ ಮುಖ ನೋಡುತ್ತಲೇ ಜೇಬಿನಿಂದ 50 ಸೆಂಟ್ ತೆಗೆದುಕೊಡುತ್ತಾನೆ, ಅದರ ಮೇಲೆ ಇನ್ನೂ 50. ಸ್ವಲ್ಪ ಹೊತ್ತಿಗೆಲ್ಲ ತಾನು ಕೆಲಸಕ್ಕೆ ಹೋಗಲು ಬಸ್ ಚಾರ್ಜಿಲ್ಲದೆ ಅದೇ ಹೆಂಡತಿಯ ಮುಂದೆ ಕೈಯೊಡ್ಡುತ್ತಾನೆ. ಅವನ ಆಸೆ, ಅಭಿಮಾನ, ಅಸಹಾಯಕತೆ ಎಲ್ಲವೂ ಆ ಚಿಲ್ಲರೆಯಲ್ಲೇ ಇವೆ.

ಆ ಮನೆಗೆ ಬರಬೇಕಾಗಿರುವುದು ತೀರಿಹೋದ ಯಜಮಾನನ ವಿಮೆಯ 10,000 ಡಾಲರ್. ವಾಲ್ಟರ್‌ಗೆ ಹೆಂಡದಂಗಡಿ ಹಾಕಬೇಕು, ತಂಗಿ ಬೆನೀಥಾ ಡಾಕ್ಟರಾಗಬೇಕು, ಅಮ್ಮನಿಗೆ ಬೆಳಕಿರುವ ಒಂದು ಮನೆ ಬೇಕು. ಮೂವರದೂ ನ್ಯಾಯವಾದ ಆಸೆಯೇ. ಆದರೆ ಒಬ್ಬರದು ಕೈಗೂಡಿದರೆ ಇನ್ನೊಬ್ಬರದಕ್ಕೆ ದುಡ್ಡಿಲ್ಲ. ಅಮ್ಮ ಮನೆಗೆ 3,500 ಮುಂಗಡ ಕೊಟ್ಟು, ಉಳಿದ 6,500 ಡಾಲರನ್ನು ಮಗನ ಕೈಗಿಡುತ್ತಾಳೆ, ತಂಗಿಯ ಓದಿನ ಪಾಲನ್ನು ಬ್ಯಾಂಕಿಗೆ ಹಾಕು ಎಂದು ಹೇಳಿಯೇ. ಅವನು ಅದನ್ನೂ ಸೇರಿಸಿ ಗೆಳೆಯನಿಗೆ ಕೊಡುತ್ತಾನೆ, ಗೆಳೆಯ ಪರಾರಿ. ಹೀಗಿದ್ದೂ ವಾಲ್ಟರ್ ಕೆಟ್ಟವನು ಅನ್ನಿಸುವುದಿಲ್ಲ. ನಿನ್ನ ಅಣ್ಣನನ್ನು ಮಾತ್ರ ನೀನು ಕುಡುಕನನ್ನಾಗಿ ಮಾಡಿಬಿಟ್ಟೆ! ಪ್ರೇಕ್ಷಕರಿಗೆ ಕೆಲಸ ಸುಲಭವಾಯಿತು, ತಂಗಿಯ ಪಕ್ಷ ಹಿಡಿದು ಆರಾಮವಾಗಿ ಕೂತರು. ಅವನ ಕುಡಿತ ತೆಗೆದುಹಾಕು. ಅಂಗಡಿಯ ಡಿಪಾಸಿಟ್ ಎಷ್ಟು, ಮಿಕ್ಸರ್ ಎಷ್ಟಕ್ಕೆ ಸಿಗುತ್ತದೆ, ಮಳೆಗಾಲದಲ್ಲಿ ಜ್ಯೂಸ್ ಯಾರು ಕುಡಿಯುತ್ತಾರೆ ಎಂದು ಅವನು ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಲಿ. ಅಪ್ಪನ ಪಿ.ಎಫ್. ದುಡ್ಡು ಇವನಿಗೇ ಸಿಗಲಪ್ಪಾ ಎಂದು ನೋಡುವವರಿಗೂ ಅನ್ನಿಸಬೇಕು. ಆಮೇಲೆ ಆರ್ಟಿಕಲ್‌ಶಿಪ್‌ನ, ಅಂದರೆ ಸಿ.ಎ. ತರಬೇತಿಯ, ಪುಡಿಗಾಸಿನಲ್ಲಿ ದಿನ ತಳ್ಳುವ ತಂಗಿಯನ್ನು ಒಳಗೆ ಬಿಡು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಏನೂ ಬೇಡದ ತಾಯಿಯನ್ನು ನಾನು ನಂಬುವುದಿಲ್ಲ. ಹ್ಯಾನ್ಸ್‌ಬೆರಿಯ ರೂತ್ ಬಸುರಿ. ಈ ಬಡತನದಲ್ಲಿ ಇನ್ನೊಂದು ಮಗು ಹೇಗೆ ಎಂದು ಗರ್ಭ ತೆಗೆಸಲು ಯಾರಿಗೂ ಹೇಳದೆ 5 ಡಾಲರ್ ಮುಂಗಡ ಕೊಟ್ಟು ಬಂದಿರುತ್ತಾಳೆ. ಆ ಪುಟ್ಟ ಮೊತ್ತ ಬಯಲಾದಾಗ ಎದೆ ನಡುಗುತ್ತದೆ. ನಿನ್ನ ಅಮ್ಮ ಚಾಳಿನ ಹೆಂಗಸರ ಜೊತೆ ಭಿಶಿ (ಚೀಟಿ) ಹಾಕುತ್ತಾಳೆ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಯಾತಕ್ಕಾಗಿ ಹಾಕುತ್ತಾಳೆ? ಅದು ನಿನಗಾದರೂ ಗೊತ್ತಿರಬೇಕು.

ಕೊನೆಯ ದೃಶ್ಯದ ಅಪ್ಪುಗೆ ಬೇಡ. ಅವರು ಒಂದಾಗಲು ಕಾರಣವೇ ಇಲ್ಲ. ಹ್ಯಾನ್ಸ್‌ಬೆರಿಯ ನಾಟಕದಲ್ಲಿ ಅಮ್ಮ ಮನೆ ಕೊಂಡದ್ದು ಬಿಳಿಯರ ಬಡಾವಣೆಯಲ್ಲಿ. ಅಲ್ಲಿಂದ ಲಿಂಡ್ನರ್ ಎಂಬವನು ಬಂದು, ನೀವು ನಮ್ಮ ಕಡೆ ಬರಬೇಡಿ, ದುಡ್ಡು ಕೊಡುತ್ತೇವೆ ಎನ್ನುತ್ತಾನೆ. ಹ್ಯಾನ್ಸ್‌ಬೆರಿಗೆ ಇದು ಬರೀ ಕಲ್ಪನೆಯಲ್ಲ. ಆಕೆಯ ತಂದೆ ಅಂಥದೇ ಬಡಾವಣೆಯಲ್ಲಿ ಮನೆ ಕೊಂಡದ್ದಕ್ಕೆ ನಡೆದ ವ್ಯಾಜ್ಯ 1940ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಎಲ್ಲ ಕಳೆದುಕೊಂಡ ವಾಲ್ಟರ್ ಆ ದುಡ್ಡು ತೆಗೆದುಕೊಳ್ಳಲು ಹೊರಟವನು, ಮಗನ ಎದುರಿಗೆ ಬೇಡ ಎಂದುಬಿಡುತ್ತಾನೆ. ಹೋದ ದುಡ್ಡು ವಾಪಸ್ ಬರುವುದಿಲ್ಲ, ತಂಗಿಯ ಓದಿಗೂ ದಾರಿಯಿಲ್ಲ, ಆದರೂ ಆ ಗಳಿಗೆಯಲ್ಲಿ ಇಡೀ ಮನೆ ಅವನ ಬೆನ್ನಿಗಿದೆ.

ನಿನ್ನ ಚಾಳಿನಲ್ಲೂ ಅಂಥ ಬಾಗಿಲಿದೆ. ಚಾಳು ಕೆಡವಿ 500 ಚದರಡಿಯ ಫ್ಲಾಟು ಕೊಡುವ ವಿಷಯ ನಿನ್ನ ನಾಟಕದಲ್ಲಿ ಬರೀ ಸುದ್ದಿಯಾಗಿ ಬಂದುಹೋಗುತ್ತದೆ. ಅದನ್ನು ಖೋಲಿಯ ಒಳಗೆ ತಾ. ಹಕ್ಕು ಬಿಟ್ಟುಕೊಡಿ ಎಂದು ದಲ್ಲಾಳಿಯೊಬ್ಬ ರೊಕ್ಕ ಹಿಡಿದು ನಿಂತರೆ, ಅಪ್ಪನಿಗಿಂತ ಮೊದಲು ಬಾಯಿ ಬಿಡುವವರು ಯಾರು? ನನಗನ್ನಿಸುವುದು ಅಣ್ಣನೇ. ನೀನು ಬೇರೆ ಯೋಚಿಸಿದರೂ ಸರಿಯೆ. ಕ್ಯಾಲೆಂಡರಿನ ದೃಶ್ಯವನ್ನು ಮೊದಲು ಬರೆದು ಕಳಿಸು, ಉಳಿದದ್ದನ್ನು ಕೂತು ಮಾತಾಡೋಣ.

ನಿನ್ನ ಅಕ್ಕ