ಇನ್ನು ಒಂದು ಕಾರ್ಡ್ ಸುಟ್ಟರೆ ಎಲ್ಲ ಫೋನೂ ಸಾಯುವುದಿಲ್ಲ

ಮಾನ್ಯ ಗ್ರಾಹಕರೇ,

ನಮಸ್ಕಾರ. ಕಳೆದ ಮಳೆಗಾಲದಲ್ಲಿ ನಮ್ಮ ಗ್ರಾಹಕರೊಬ್ಬರ ಲಾಡ್ಜ್‌ಗೆ ಸಿಡಿಲು ಬಡಿದು ಇಪಿಎಬಿಎಕ್ಸ್‌ನ (ಕಟ್ಟಡದೊಳಗಿನ ಫೋನುಗಳನ್ನು ಜೋಡಿಸುವ ಎಕ್ಸ್‌ಚೇಂಜ್ ಪೆಟ್ಟಿಗೆ) ಕಂಟ್ರೋಲ್ ಕಾರ್ಡ್ ಸುಟ್ಟುಹೋಯಿತು. ಸುಟ್ಟಿದ್ದು ಅದೊಂದೇ. ಫೋನುಗಳ ತಂತಿ ಬಂದು ಸೇರುವ ಲೈನ್ ಕಾರ್ಡುಗಳೆಲ್ಲ ಚೆನ್ನಾಗಿದ್ದವು. ಆದರೆ ಅವಕ್ಕೆ ಕೆಲಸ ಹೇಳುವವರೇ ಇಲ್ಲವಲ್ಲ, ಎಲ್ಲ ರೂಮಿನ ಫೋನೂ ಬಂದ್. ಬೇರೆ ಕಾರ್ಡ್ ಬರುವ ತನಕ ಎರಡು ದಿನ ರೂಮ್‌ಬಾಯ್‌ಗಳು ಮೆಟ್ಟಿಲು ಹತ್ತಿ ಇಳಿದರು. ಆ ಪೆಟ್ಟಿಗೆ ಹಾಕಿಕೊಟ್ಟವರು ನಾವೇ.

ಹಾಗಾಗಿ ದೊಡ್ಡ ಲಾಡ್ಜ್, ಆಸ್ಪತ್ರೆ, ಕಾರ್ಖಾನೆಗಳಿಗೆ ಇನ್ನು ಮುಂದೆ ಬೇರೆ ತರಹದ ಎಕ್ಸ್‌ಚೇಂಜ್ ಕೊಡುತ್ತೇವೆ. ಇದರಲ್ಲಿ ಪ್ರತಿ ಶೆಲ್ಫಿಗೂ (ಒಂದಷ್ಟು ಕಾರ್ಡುಗಳು ಕೂರುವ ಖಾನೆ) ಅದರದೇ ಪ್ರೊಸೆಸರ್ ಇದೆ. ರಿಸೀವರ್ ಎತ್ತಿದ್ದನ್ನು ಗಮನಿಸುವುದು, ಒತ್ತಿದ ನಂಬರ್ ಓದುವುದು, ಬೆಲ್ ಹೊಡೆಸುವುದು ಎಲ್ಲ ಅಲ್ಲಲ್ಲೇ. ಕರೆ ಬೇರೆ ಶೆಲ್ಫಿಗೆ ಹೋಗಬೇಕಾದರೆ ಮಾತ್ರ ಎರಡು ಪ್ರೊಸೆಸರ್‌ಗಳು ಮಾತಾಡಿಕೊಳ್ಳುತ್ತವೆ. ಒಂದು ಕೆಟ್ಟರೆ ಆ ಶೆಲ್ಫ್ ಮಾತ್ರ ನಿಲ್ಲುತ್ತದೆ.

ಇದೇನೂ ಹೊಸದಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ (ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ) ತನ್ನ ದೊಡ್ಡ ಎಕ್ಸ್‌ಚೇಂಜನ್ನು 512 ಪೋರ್ಟಿನ, ಅಂದರೆ ಅಷ್ಟು ಲೈನ್ ಜೋಡಿಸಬಹುದಾದ, ಬೇಸ್ ಮಾಡ್ಯೂಲ್‌ಗಳಾಗಿ ಒಡೆದಿತ್ತು. ಒಂದೊಂದರಲ್ಲೂ ಜೋಡಿ ಪ್ರೊಸೆಸರ್. ಒಂದು ದುಡಿಯುತ್ತಿದ್ದರೆ ಇನ್ನೊಂದು ಕಾಯುತ್ತಿತ್ತು. ಸಣ್ಣ ಊರಿಗೆ ಅಂಥ ಒಂದೇ ಮಾಡ್ಯೂಲ್ ಸಾಕಾಗುತ್ತಿತ್ತು, ಅದೇ ಎಕ್ಸ್‌ಚೇಂಜ್. ಅಂದ ಹಾಗೆ, ಸಿ-ಡಾಟ್‌ನ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ನಿಂತದ್ದು ನಮ್ಮ ಹತ್ತಿರದ ಕಿತ್ತೂರಿನಲ್ಲೇ. 128 ಪೋರ್ಟಿನ ಆ ಪೆಟ್ಟಿಗೆಗೆ ಎಸಿ ಕೂಡ ಬೇಕಿರಲಿಲ್ಲ. ಅದು ಬೇರೆ ಮಾದರಿ, ಆದರೂ ನಮ್ಮ ಕಡೆಯ ಮಾತು ಬಂದರೆ ಹೇಳದೆ ಇರೋಕಾಗುತ್ತಾ?

ಹೊಸದರಲ್ಲಿ ಒಂದು ತಲೆನೋವೂ ಇದೆ. ಮೊದಲು ನಂಬರ್ ಬದಲಿಸಲು ಒಂದು ಕಡೆ ತಿದ್ದಿದರೆ ಆಗುತ್ತಿತ್ತು. ಈಗ ಆ ನಂಬರ್ ಎಲ್ಲಿದೆ ಅಂತ ಎಲ್ಲ ಶೆಲ್ಫಿಗೂ ಗೊತ್ತಾಗಬೇಕು. ಒಂದರಲ್ಲಿ ಹಳೆ ಪಟ್ಟಿ ಉಳಿದರೆ ಕರೆ ತಪ್ಪು ರೂಮಿಗೆ ಹೋಗುತ್ತದೆ. ಪ್ರೋಗ್ರಾಮಿಗೆ ನೀವೇ ಕೈ ಹಾಕಬೇಡಿ, ನಮ್ಮ ಹುಡುಗರನ್ನು ಕರೆಯಿರಿ.

ಹತ್ತಿಪ್ಪತ್ತು ಎಕ್ಸ್‌ಟೆನ್ಷನ್ ಇರುವ ಅಂಗಡಿ, ಕ್ಲಿನಿಕ್‌ಗಳಿಗೆ ಇದು ಬೇಡ. ಸುಮ್ನೆ ಖರ್ಚು. ನಿಮ್ಮ ಹಳೆಯದನ್ನೇ ನೋಡಿಕೊಳ್ಳುತ್ತೇವೆ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಹಾಗೇ ಮುಂದುವರಿಯುತ್ತದೆ.

ಬದಲಿಸುವವರು ಒಂದು ಪಟ್ಟಿ ಮಾಡಿಕೊಡಿ: ಯಾವ ಯಾವ ಫೋನ್ ಒಟ್ಟಿಗೆ ಕೆಡಬಾರದು? ಆಸ್ಪತ್ರೆಯ ರಿಸೆಪ್ಷನ್ನೂ ಡ್ಯೂಟಿ ಡಾಕ್ಟರ್ ರೂಮೂ ಒಂದೇ ಶೆಲ್ಫಿನಲ್ಲಿದ್ದರೆ ಇಷ್ಟೆಲ್ಲ ಮಾಡಿ ಏನು ಬಂತು, ಅಲ್ವಾ? ಹೊರಗಿನ ಲೈನುಗಳನ್ನೂ ಹಾಗೇ ಹಂಚಿ ಹಾಕುತ್ತೇವೆ. ಎಕ್ಸ್‌ಟೆನ್ಷನ್ ನಂಬರ್ ಯಾವುದೂ ಬದಲಾಗುವುದಿಲ್ಲ. ಕೆಲಸ ಭಾನುವಾರಗಳಂದು ನಡೆಯುತ್ತದೆ. ಪಟ್ಟಿ ಮೊದಲು ಕೊಟ್ಟವರದು ಮೊದಲು.

ಇಂತಿ,
ನಿಮ್ಮ ಇಪಿಎಬಿಎಕ್ಸ್ ಸರ್ವಿಸ್‌ನವರು
ಧಾರವಾಡ