ಸೈಟಿಗೆ ಹೊರಟ ಮಗಳಿಗೆ

ಪುಟ್ಟಿ,

ಅಪ್ಪ ಬಸ್ ಸ್ಟ್ಯಾಂಡಿಗೆ ಬರಲಿಲ್ಲ ಅಂತ ನಿನಗೆ ಸಿಟ್ಟಿದೆ, ಗೊತ್ತು. ನನಗೂ ಇತ್ತು. ಹಿಂದಿನ ರಾತ್ರಿ ಇಬ್ಬರೂ ಆಡಿದ ಮಾತನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ‘8,000 ರೂಪಾಯಿಗೆ ಬೆಂಗಳೂರಿಗೆ ಹೋಗಬೇಕಾ’ ಅಂದೆನಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹತ್ತು ದಿನ ಗಾರೆ ಕೆಲಸಕ್ಕೆ ಹೋದರೆ ಅಷ್ಟು ಬರುತ್ತೆ ಅನ್ನೋ ಲೆಕ್ಕ ತಲೆಯಲ್ಲಿತ್ತು. ಡಿಪ್ಲೊಮಾ ಮುಗಿಸಿದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ ಅಷ್ಟು ಕೊಡಬೇಕು ಅಂತ 2019ರ ನಿಯಮದಲ್ಲಿತ್ತು ಎಂದು ನೀನು ವಾದ ಮಾಡಿದೆ. ಇರಲಿ. ಕಲಿಯುವವರಿಗೆ ದುಡ್ಡು ಕೊಡೋದು ನಮ್ಮ ಕಾಲದಲ್ಲಿ ಎಲ್ಲಿತ್ತು? ಕರಣೆ ಕೈಗೆ ಸಿಗುವ ಮೊದಲು ನಾನು ವರ್ಷಗಟ್ಟಲೆ ಬಾಂಡ್ಲಿ ಹೊತ್ತೆ. ನಿಮ್ಮಮ್ಮ ಹೊರುತ್ತಲೇ ಉಳಿದಳು. ಹೆಣ್ಣಾಳಿಗೆ ಕರಣೆ ಕೊಟ್ಟ ಮೇಸ್ತ್ರಿಯನ್ನು ನಾನಂತೂ ನೋಡಿಲ್ಲ.

ನನ್ನ ಹೆದರಿಕೆ ದುಡ್ಡಿನದಲ್ಲ. ಸಾರುವೆ ಹತ್ತುತ್ತೀಯ ಅಂತಲೂ ಅಲ್ಲ, ನೀನು ಚಿಕ್ಕವಳಿದ್ದಾಗಲೇ ಹತ್ತಿದ್ದೀಯ.

ಚಿಕ್ಕಪ್ಪನ ಕಾಲಿನ ಕಥೆ ನಿನಗೆ ಗೊತ್ತೇ ಇದೆ. ಆ ದಿನ ಅಲ್ಲಿದ್ದ ಇನ್ನೊಬ್ಬನ ವಿಷಯ ಮಾತ್ರ ಯಾವತ್ತೂ ಹೇಳಿಲ್ಲ. ಒಬ್ಬ ಹುಡುಗ. ಟ್ರೈನಿಂಗಿಗೆ ಬಂದವನು, ಹೆಚ್ಚು ಕಡಿಮೆ ನಿನ್ನದೇ ವಯಸ್ಸು. ಇಸ್ತ್ರಿ ಅಂಗಿ, ಜೇಬಿನಲ್ಲೊಂದು ಸಣ್ಣ ಡೈರಿ. ನಮ್ಮನ್ನೆಲ್ಲ ಅಣ್ಣಾ ಅಂತಲೇ ಕರೆಯುತ್ತಿದ್ದ. 18 ಅಡಿ ಅಗಲದ ಹಾಲ್ ಅದು, ಮೋಲ್ಡ್ ಹಾಕಿ 9 ದಿನ ಆಗಿತ್ತು. ಅದರ ಕೆಳಗೆ ಆಸರೆಗಿಟ್ಟ ನೀಲಗಿರಿ ಕಂಬ ಕಂಟ್ರಾಕ್ಟರಿಗೆ ಇನ್ನೊಂದು ಮನೆಗೆ ಬೇಕಾಗಿತ್ತು. ಬಿಚ್ಚಿ ಅಂದ. ಹುಡುಗ ಡೈರಿ ತೆಗೆದು ನೋಡಿದ. ‘ಸಾರ್, 14 ದಿನ ಬೇಕಲ್ವಾ?’ ಅಂದ. ಎಷ್ಟು ಮೆತ್ತಗೆ ಅಂದನೆಂದರೆ, ಪಕ್ಕದಲ್ಲಿ ಗಾರೆ ಕಲಸುತ್ತಿದ್ದ ನನಗೆ ಕೇಳಿಸಿತು, ಒಳಗೆ ಕಂಬ ಬಿಚ್ಚಬೇಕಿದ್ದ ಸೆಂಟ್ರಿಂಗಿನವರಿಗೆ ಕೇಳಿಸಲಿಲ್ಲ. ಕಂಟ್ರಾಕ್ಟರ್ ನಕ್ಕ. ‘ಪುಸ್ತಕ ಮನೇಲಿಟ್ಟು ಬಾರಪ್ಪ’ ಅಂದ. ಹುಡುಗನೂ ನಕ್ಕು ಡೈರಿ ಜೇಬಿಗೆ ಹಾಕಿಕೊಂಡ.

ಕಂಬ ಬಿಚ್ಚಿದರು, ಮೋಲ್ಡ್ ಕುಸಿದು ಚಿಕ್ಕಪ್ಪನ ಕಾಲ ಮೇಲೆ ಬಿತ್ತು. ಪೊಲೀಸರು ಬಂದಾಗ ಅದೇ ಕಂಟ್ರಾಕ್ಟರ್ ‘ಇಂಜಿನಿಯರ್ ಇದ್ದರಲ್ಲ, ಅವರನ್ನೇ ಕೇಳಿ’ ಅಂತ ಆ ಹುಡುಗನ ಕಡೆ ಕೈ ತೋರಿಸಿದ. ಅಲ್ಲಿಯವರೆಗೆ ಯಾರೂ ಅವನನ್ನು ಇಂಜಿನಿಯರ್ ಅಂದಿರಲಿಲ್ಲ. ಮಾರನೇ ದಿನದಿಂದ ಅವನು ಬರಲಿಲ್ಲ.

ಅವನು ಗಟ್ಟಿಯಾಗಿ ಹೇಳಿದ್ದರೆ ಕಂಟ್ರಾಕ್ಟರ್ ಕೇಳುತ್ತಿದ್ದನಾ? ಇಲ್ಲ ಅನ್ಸುತ್ತೆ. ಆದರೆ ಸೆಂಟ್ರಿಂಗಿನವರು ಕೈ ತಡೆಯುತ್ತಿದ್ದರು. ಕೆಳಗೆ ನಿಲ್ಲುವವರು ಅವರೇ ಅಲ್ವಾ? ‘ನೀನ್ಯಾಕೆ ಹೇಳಲಿಲ್ಲ ಅಪ್ಪಾ’ ಅಂತ ಕೇಳುತ್ತೀಯ. ಗಾರೆ ಕಲಸುವವನ ಮಾತಿಗೆ ಬೆಲೆ ಕೊಡುವವರು ಯಾರಿದ್ದರು? ನಿನ್ನನ್ನು ಓದಿಸಿದ್ದು ಮತ್ತೆ ಯಾಕೆ? ಓದಿಸಿ, ಈಗ ಸೈಟು ಬೇಡ, ಆಫೀಸಿನಲ್ಲಿ ಕೂತು ಡ್ರಾಯಿಂಗ್ ಮಾಡು ಅಂದೆ. ನನ್ನ ಮಾತು ನನಗೇ ಸರಿಹೋಗುವುದಿಲ್ಲ.

ಕಾಂಕ್ರೀಟ್ ಕೆಲಸದ ನಿಯಮ ಇರುವ ಐಎಸ್ 456 ಪುಸ್ತಕವನ್ನು ನೀನೇ ನನಗೆ ಓದಿ ಹೇಳಿದ್ದೆ. ಸ್ಲ್ಯಾಬ್ 4.5 ಮೀಟರಿನ, ಅಂದರೆ ಸುಮಾರು 15 ಅಡಿಯ ಒಳಗಿದ್ದರೆ ಕಂಬ 7 ದಿನ, ಜಾಸ್ತಿ ಇದ್ದರೆ 14. ಬೀಮ್ 6 ಮೀಟರ್ ದಾಟಿದರೆ 21. ಅದೆಲ್ಲ ಮಾಮೂಲಿ ಓಪಿಸಿ ಸಿಮೆಂಟಿನ ಲೆಕ್ಕ ಅನ್ನೋದನ್ನು ಮರೀಬೇಡ. ಈಗ ಅಂಗಡಿಯಲ್ಲಿ ಸಿಗೋದು ಜಾಸ್ತಿ ಪಿಪಿಸಿ, ಹಾರುಬೂದಿ ಬೆರೆಸಿದ್ದು. ಅದು ಚಳಿಗಾಲದ ಮೊಸರಿನ ಹಾಗೆ, ಗಟ್ಟಿಯಾಗಲು ಜಾಸ್ತಿ ದಿನ ಬೇಕು. ನೀರು ಉಣಿಸೋದೂ ಅಷ್ಟೆ, ಬಿಸಿಲಿದ್ದರೆ ಪಿಪಿಸಿಗೆ 14 ದಿನಕ್ಕೆ ಕಡಿಮೆ ಮಾಡಿಸಬೇಡ. ನಿಮ್ಮ ಸೈಟಿನಲ್ಲಿ ಮೈವಾನ್, ಅಲ್ಯೂಮಿನಿಯಂ ಅಚ್ಚು ಅಂದೆಯಲ್ಲ. ಅಲ್ಯೂಮಿನಿಯಂ ಶೀಟನ್ನು ಬೇಗ ಬಿಚ್ಚುತ್ತಾರೆ, ಆದರೆ ಕೆಳಗೆ ಆಸರೆಗಿಟ್ಟ ಜಾಕಿ ಹಾಗೇ ನಿಂತಿರಬೇಕು. ಶೀಟ್ ಜೊತೆ ಜಾಕಿಯನ್ನೂ ಕಿತ್ತರೆ ಅಲ್ಲೇ ನಿಲ್ಲಿಸು. ಪಾಯದ ಗುಂಡಿ ಒಂದೂವರೆ ಮೀಟರಿಗಿಂತ ಆಳ ಇದ್ದು ಪಕ್ಕಕ್ಕೆ ಹಲಗೆ ಆಸರೆ ಕೊಟ್ಟಿಲ್ಲವೆಂದರೆ ಇಳಿಯಬೇಡ, ಇಳಿಸಲೂಬೇಡ. ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಲು ಕ್ಯೂಬ್ ತುಂಬುವಾಗ ಎದುರಿಗೇ ಇರು. ಪರೀಕ್ಷೆಗೆ ಹೋಗುವ ಕ್ಯೂಬಿಗೆ ಮಾತ್ರ ಒಳ್ಳೆ ಮಾಲು ತುಂಬುವ ಕೈಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೋಡು, ಪಾಠ ಶುರುವಾಯಿತು. ‘ಅಪ್ಪ ಮೇಸ್ತ್ರಿ ಆದ’ ಅಂತ ನಗುತ್ತೀಯ. ನಗು, ಆದರೆ ಇದೊಂದು ಕೇಳು. ಹೇಳುವುದನ್ನು ಗಟ್ಟಿಯಾಗಿ ಹೇಳು, ನಾಲ್ಕು ಜನರ ಮುಂದೆ ಹೇಳು. ಅದೇ ಸಂಜೆ ಮೊಬೈಲಿನಲ್ಲಿ ಬರೆದು ನಿಮ್ಮ ಸಾಹೇಬರಿಗೆ ಕಳಿಸು. ತಾರೀಕು ಇರುತ್ತಲ್ಲ. ನೀನು ನೋಡದ ಕೆಲಸದ ರಿಜಿಸ್ಟರಿಗೆ ಸಹಿ ಹಾಕಬೇಡ. ಆ ಹುಡುಗ ಸಹಿ ಹಾಕಿದ್ದನೋ ಇಲ್ಲವೋ, ಯಾರೂ ನಮಗೆ ಹೇಳಲಿಲ್ಲ. ಈಗಲೂ ಎಲ್ಲಾದರೂ ಕಂಬ ಬಿಚ್ಚುವುದು ಕಂಡರೆ ಅವನ ಡೈರಿಯ ಬಣ್ಣ ನೆನಪಾಗುತ್ತೆ. ಹಸಿರು.

ಇನ್ನೊಂದು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ನೀನು ಟ್ರೈನಿ, ಕೆಲಸಗಾರಳಲ್ಲ. ನನಗಿರುವಂಥ ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಇದರ ಮೇಲೆ ಸಿಗುತ್ತೆ ಅಂದುಕೊಳ್ಳಬೇಡ, ಅದಕ್ಕೆ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಆದರೆ ಪೆಟ್ಟಾದರೆ ಪರಿಹಾರ ಕೊಡೋದು ಕಂಪನಿಯ ಹೊಣೆ, ಅದು ಅದೇ ಅಪ್ರೆಂಟಿಸ್ ಕಾಯ್ದೆಯಲ್ಲಿದೆ. ಒಪ್ಪಂದದ ಪ್ರತಿ ಕೇಳಿ ಇಸಿದುಕೋ. ಕಾರ್ಡಿದ್ದವರ ಮಕ್ಕಳ ಓದಿಗೆ ಕೊಡುವ ಕಲಿಕೆ ಭಾಗ್ಯದ ದುಡ್ಡಿನಲ್ಲಿ ಓದಿದ ಹುಡುಗಿ ನೀನು, ಕಾಗದ ಪತ್ರ ಅಂದರೆ ಏನು ಅಂತ ನಿನಗೆ ಹೇಳಿಕೊಡಬೇಕಿಲ್ಲ.

ಅಂಗಡಿ ಬೀದಿಯಲ್ಲಿ ಎಲ್ಲರಿಗೂ ‘ಮಗಳು 20 ಮಹಡಿ ಕಟ್ಟುತ್ತಿದ್ದಾಳೆ’ ಅಂತ ಹೇಳಿಬಿಟ್ಟಿದ್ದೇನೆ. ಎಷ್ಟು ಮಹಡಿ ಅಂತ ನಿಜವಾಗಿ ಗೊತ್ತಿಲ್ಲ, ತಿಳಿಸು. ಮೊದಲ ತಿಂಗಳ ದುಡ್ಡು ಮನೆಗೆ ಕಳಿಸಬೇಡ. ಕಂಪನಿ ಕೊಟ್ಟ ಶೂ ಸಡಿಲವಾದರೆ ನಿನ್ನ ಅಳತೆಯ ಸೇಫ್ಟಿ ಶೂ ತಗೋ.

ಭಾನುವಾರ ಫೋನ್ ಮಾಡು. ನನ್ನ ಜೊತೆ ಮಾತಾಡಲು ಇನ್ನೂ ಮನಸ್ಸಿಲ್ಲವೆಂದರೆ ಅಮ್ಮನ ಜೊತೆ ಮಾತಾಡು. ಸ್ಪೀಕರ್ ಹಾಕು ಅಂತ ಅವಳಿಗೆ ಮೊದಲೇ ಹೇಳಿಟ್ಟಿರುತ್ತೇನೆ.

ಇಂತಿ,
ನಿನ್ನ ಅಪ್ಪ